ನರ್ಸ್ ಸ್ವಲ್ಪ ಹೊತ್ತು ಕುಳಿತುಕೊಳ್ಳಲಿ

ನಮಸ್ಕಾರ. ಇವತ್ತು ಒಂದು ತಕರಾರು ತೆಗೆಯುತ್ತೇನೆ. ಹಳ್ಳಿಗಳಲ್ಲಿ ವೈದ್ಯರು ಸಿಗುವುದು ಕಷ್ಟ, ಆದ್ದರಿಂದ ವಯಸ್ಸಾದವರು ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳಲು ಕಲಿಯಬೇಕು ಎನ್ನುತ್ತಾರೆ. ಮಾತು ಸರಿಯೇ. ಆದರೆ ಮನೆಗೆ ಬಂದ ನರ್ಸ್ ಕೈಗೊಂದು ಕರಪತ್ರ ಕೊಟ್ಟು ಹೊರಟುಬಿಡುವುದನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತಾರಲ್ಲ, ಅದಕ್ಕೆ ನನ್ನ ಆಕ್ಷೇಪ.

ವಯಸ್ಸಾದವರೆಲ್ಲ ದುರ್ಬಲರಲ್ಲ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಸಂಗಡಿಗರು ಮುಪ್ಪಿನ ಈ ದೌರ್ಬಲ್ಯಕ್ಕೆ ಐದು ಲಕ್ಷಣಗಳನ್ನು ಗುರುತಿಸಿದರು: ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಸುಸ್ತು, ಕೈಯ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಕಂಡರೆ ದುರ್ಬಲರು. ಒಂದೆರಡು ಕಂಡರೆ ಆ ದಾರಿ ಹಿಡಿದಿದ್ದಾರೆ ಎಂದರ್ಥ. ಎಚ್ಚೆತ್ತುಕೊಳ್ಳಬೇಕಾದ ಹೊತ್ತು ಅದೇ.

ಈಗ ಮಾತ್ರೆಗಳ ವಿಷಯಕ್ಕೆ ಬರೋಣ. "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಅಜ್ಜಿ?" ಎಂದು ಕೇಳಿದರೆ ಯಾವ ಅಜ್ಜಿಯೂ ಇಲ್ಲ ಎನ್ನುವುದಿಲ್ಲ. "ದಿನಾ ಹೇಗೆ ತೆಗೆದುಕೊಳ್ಳುತ್ತೀರಿ, ಒಂದು ಸಲ ತೋರಿಸಿ" ಎಂದರೆ ಡಬ್ಬಿ ಹೊರಗೆ ಬರುತ್ತದೆ. ಅದರಲ್ಲಿ ಹೆಸರು ಕಾಣದಂತೆ ಕತ್ತರಿಸಿದ ಪಟ್ಟಿಗಳು, ಎರಡು ಕಂಪನಿಗಳ ಹೆಸರಿನಲ್ಲಿ ಒಂದೇ ರಕ್ತದೊತ್ತಡದ ಔಷಧಿ. ಬಣ್ಣ ಬೇರೆ ಎಂದು ಅಜ್ಜಿ ಎರಡನ್ನೂ ನುಂಗುತ್ತಿದ್ದಾರೆ! ಒಳ್ಳೆಯ ನರ್ಸ್ ಅಲ್ಲಿಗೇ ನಿಲ್ಲಿಸುವುದಿಲ್ಲ. ಕುಳಿತಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಒತ್ತಡ ನೋಡುತ್ತಾರೆ. ಮೇಲಿನ ಅಂಕಿ 20ರಷ್ಟು ಕುಸಿದರೆ ರಾತ್ರಿ ಎದ್ದಾಗ ತಲೆ ಸುತ್ತುವುದೇಕೆಂದು ತಿಳಿಯಿತು. ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸುತ್ತಾರೆ. ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಪಾದ ಆಡಿಸಿ, ಆಮೇಲೆ ಏಳುವುದನ್ನು ಅಜ್ಜಿಯ ಕೈಯಲ್ಲೇ ಮಾಡಿಸುತ್ತಾರೆ.

ವಾರದ ಮಾತ್ರೆಗಳನ್ನು ನರ್ಸೇ ಡಬ್ಬಿಗೆ ತುಂಬಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಅಜ್ಜಿ ತುಂಬಿದರೆ ಬೆರಳು ನಡುಗುತ್ತದೆ, ಒಂದೆರಡು ಕೆಳಗೆ ಬೀಳುತ್ತವೆ, ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಆರೈಕೆ ಬೇಕಾದವರ ಕೈಯಲ್ಲಿ ಆಗದಿರುವಷ್ಟಕ್ಕೆ ಮಾತ್ರ ನರ್ಸ್ ಕೈಹಾಕಬೇಕು ಎಂಬುದು ಅಮೆರಿಕದ ಶುಶ್ರೂಷಾ ತಜ್ಞೆ ಡೊರೊಥಿಯಾ ಓರೆಮ್ ದಶಕಗಳ ಹಿಂದೆಯೇ ಮಂಡಿಸಿದ ಸಿದ್ಧಾಂತದ ತಿರುಳು. ಶುಶ್ರೂಷೆ ಕಲಿತವರಿಗೆಲ್ಲ ಗೊತ್ತಿರುವ ಪಾಠ. ಪಾಲಿಸಲು ಪುರಸೊತ್ತು ಎಲ್ಲಿದೆ? ಎಷ್ಟು ಮನೆಗೆ ಹೋದಿರಿ ಎಂದಷ್ಟೇ ಮೇಲಿನವರು ಕೇಳುವುದಾದರೆ ಯಾವ ನರ್ಸ್ ತಾನೇ ಒಂದು ಮನೆಯಲ್ಲಿ ಕುಳಿತಾರು? ಮನೆಗಳ ಸಂಖ್ಯೆ ಇಳಿಸಿ. ಕಳೆದ ಸಲ ಕೈಯೂರಿ ಕುರ್ಚಿಯಿಂದ ಎದ್ದವರು ಈ ಸಲ ಊರದೆ ಎದ್ದರೇ ಎಂದು ವರದಿಯಲ್ಲಿ ಬರೆಸಿ.

ಇನ್ನು, ನೆನಪು ಪೂರ್ತಿ ಕೈಕೊಟ್ಟವರು, ಹಾಸಿಗೆ ಹಿಡಿದವರು ಇದ್ದಾರೆ. ಅವರಿಗೆ ಕಲಿಸಿಕೊಡುವ ಮಾತು ಬೇಡ, ಜೊತೆಗೆ ನಿಂತು ಮಾಡುವವರು ಬೇಕು. ಆ ಖರ್ಚು ತಪ್ಪಿಸಿಕೊಳ್ಳಲು ಯಾರಾದರೂ ಸ್ವಾವಲಂಬನೆಯ ಭಾಷಣ ಶುರುಮಾಡಿದರೆ ನಾನಂತೂ ಕೇಳಲು ತಯಾರಿಲ್ಲ.