ರಿಂಗಿನೊಳಗಿನ ಸಿಟ್ಟು

ಕೇಳುಗರಿಗೆ ನಮಸ್ಕಾರ. ಬಾಕ್ಸಿಂಗ್ ನೋಡುವಾಗ ಇಬ್ಬರಿಗೂ ಸಿಕ್ಕಾಪಟ್ಟೆ ಸಿಟ್ಟು ಬಂದಿದೆ, ಅದಕ್ಕೇ ಹೀಗೆ ಗುದ್ದಾಡುತ್ತಿದ್ದಾರೆ ಅನಿಸುತ್ತದೆ, ಅಲ್ವಾ? ಆದರೆ ಒಳ್ಳೆಯ ಬಾಕ್ಸರ್‌ಗೆ ಗುದ್ದಲು ಸಿಟ್ಟೇ ಬೇಕಿಲ್ಲ.

ಮನಶ್ಶಾಸ್ತ್ರದವರು ಆಕ್ರಮಣವನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದರಲ್ಲಿ ನೋಯಿಸುವುದೇ ಗುರಿ. ಇನ್ನೊಂದರಲ್ಲಿ ಗೆಲ್ಲುವುದು ಗುರಿ, ಏಟು ಅದಕ್ಕೊಂದು ದಾರಿ ಅಷ್ಟೆ. ಏಟು ತಿಂದ ದವಡೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನಿ!

ಗೊತ್ತಾಗುವುದು ಹೊಡೆಯುವವನ ಮೈಯಲ್ಲಿ. ಸಿಟ್ಟೇರಿದರೆ ಎದೆಬಡಿತ ಜಾಸ್ತಿಯಾಗುತ್ತದೆ, ಭುಜ ಬಿಗಿಯುತ್ತದೆ, ಉಸಿರು ಹಿಡಿದುಕೊಳ್ಳುತ್ತದೆ. ಎದುರಿಗಿರುವ ಮುಖ ಮಾತ್ರ ಕಾಣುತ್ತದೆ, ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಏಟು, ಅಂದರೆ ಹುಕ್, ಕಾಣುವುದಿಲ್ಲ. ಕೈಯನ್ನು ದೂರದಿಂದ ಬೀಸುತ್ತಾನೆ. ಏಟು ಎಲ್ಲಿಂದ ಬರುತ್ತದೆಂದು ಎದುರಾಳಿಗೆ ಮೊದಲೇ ತಿಳಿದುಹೋಗುತ್ತದೆ.

ಮೊಹಮ್ಮದ್ ಅಲಿ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1974ರ ಅಕ್ಟೋಬರ್ 30, ಆಗಿನ ಜೈರ್ ದೇಶದ ಕಿನ್ಶಾಸಾ. ಎದುರಿಗೆ 25 ವರ್ಷದ ಜಾರ್ಜ್ ಫೋರ್‌ಮನ್. ಜೋ ಫ್ರೇಜಿಯರ್, ಕೆನ್ ನಾರ್ಟನ್ ಇಬ್ಬರನ್ನೂ ಎರಡೆರಡೇ ಸುತ್ತಿನಲ್ಲಿ ಮುಗಿಸಿದ್ದವರು. 32ರ ಅಲಿ ಹಗ್ಗಕ್ಕೆ ಒರಗಿ, ಮುಖಕ್ಕೆ ಕೈ ಅಡ್ಡ ಹಿಡಿದು ಹೊಡೆಸಿಕೊಳ್ಳುತ್ತಾ ನಿಂತರು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಇಷ್ಟೇನಾ ನಿನ್ನ ಶಕ್ತಿ ಅಂತ ಕೆಣಕುತ್ತಲೇ ಇದ್ದರು. ಫೋರ್‌ಮನ್ ಇನ್ನೂ ಜೋರಾಗಿ ಬೀಸಿದರು. ಸೆಕೆ ಬೇರೆ. ತೋಳು ಸೋತವು. ಎಂಟನೇ ಸುತ್ತಿನಲ್ಲಿ ನೆಲಕ್ಕುರುಳಿದರು.

ಕೆಲವರು ಸಿಟ್ಟಿನಲ್ಲಿ ಆಟದ ನಿಯಮವನ್ನೇ ಮರೆಯುತ್ತಾರೆ. 1997ರಲ್ಲಿ ಮೈಕ್ ಟೈಸನ್ ಪಂದ್ಯದ ನಡುವೆಯೇ ಇವಾಂಡರ್ ಹೋಲಿಫೀಲ್ಡ್ ಅವರ ಕಿವಿ ಕಚ್ಚಿದರು. ಪಂದ್ಯ ಹೋಯಿತು, ಲೈಸೆನ್ಸ್ ಹೋಯಿತು, 30 ಲಕ್ಷ ಡಾಲರ್ ದಂಡವೂ ಬಿತ್ತು.

ಸಿಟ್ಟು ಬಂದರೆ ಪಂಚಿಂಗ್ ಬ್ಯಾಗಿಗೆ ನಾಲ್ಕು ಗುದ್ದು ಗುದ್ದು, ಇಳಿಯುತ್ತದೆ ಅನ್ನುವವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ ಇದನ್ನೇ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮನ್ನು ರೇಗಿಸಿದವನನ್ನು ನೆನೆಯುತ್ತಾ ಬ್ಯಾಗಿಗೆ ಗುದ್ದಿದವರ ಸಿಟ್ಟು ಇಳಿದಿರಲಿಲ್ಲ. ಗುದ್ದದೆ ಸುಮ್ಮನೆ ಕೂತವರಿಗಿಂತ ಅವರಲ್ಲೇ ಅದು ಜಾಸ್ತಿ ಇತ್ತು. ಬ್ಯಾಗ್ ಕೆಟ್ಟದ್ದಲ್ಲ, ಗುದ್ದುವಾಗ ಮನಸ್ಸು ಏನನ್ನು ಮೆಲುಕು ಹಾಕುತ್ತಿದೆ ಅನ್ನುವುದು ಮುಖ್ಯ.

ಹಾಗಾಗಿ ಸುತ್ತುಗಳ ನಡುವಿನ ಒಂದು ನಿಮಿಷದಲ್ಲಿ "ಬಿಡಬೇಡ, ಹೊಡಿ" ಅಂತ ಕೂಗುವ ಕೋಚ್ ನನಗೆ ಇಷ್ಟವಾಗುವುದಿಲ್ಲ. ಅನುಭವ ಇರುವವರು ಮೊದಲು ಹುಡುಗನಿಗೆ ಉಸಿರು ಬಿಡಲು ಹೇಳುತ್ತಾರೆ. ನೀರು ಕೊಡುತ್ತಾರೆ. ಆಮೇಲೆ ಒಂದೇ ಒಂದು ಕೆಲಸ ಒಪ್ಪಿಸುತ್ತಾರೆ: ಎಡಗೈ ಇಳಿಸಬೇಡ, ಇಲ್ಲವೇ ಅವನ ಬಲಗೈಯಿಂದ ದೂರ ಸರಿ. ಎದುರಾಳಿ ಏನು ಬೈದ ಅನ್ನುವ ಮಾತನ್ನೇ ಎತ್ತುವುದಿಲ್ಲ.

ನಮಸ್ಕಾರ.