ನೋಟ್‌ಬುಕ್ಕಿನ ಕೊನೆಯ ಪುಟಗಳು

ಕೇಳುಗರಿಗೆ ನಮಸ್ಕಾರ.

ಬದುಕು, ಸುಖ, ಮನುಷ್ಯರ ಕುಂದುಕೊರತೆ ಇವುಗಳ ಬಗ್ಗೆ ಹದಿಹರೆಯದವರು ಏನು ಯೋಚಿಸುತ್ತಾರೆ ಎಂಬುದನ್ನು ಕುರಿತು ಹತ್ತು ನಿಮಿಷ ಮಾತನಾಡಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಆಪ್ತಸಮಾಲೋಚಕಿಯಾಗಿ ಈ ವಯಸ್ಸಿನ ಮಕ್ಕಳ ಜೊತೆಗೂ ಅವರ ತಂದೆತಾಯಿಯರ ಜೊತೆಗೂ ಬಹಳ ವರ್ಷ ಕಳೆದಿರುವ ನನಗೆ ಈ ಹೊತ್ತು ಹೇಳಬೇಕೆನಿಸಿರುವುದು ಒಂದೇ ಮಾತು. ಅದನ್ನು ಕೊನೆಗೆ ಉಳಿಸಿಕೊಳ್ಳದೆ ಈಗಲೇ ಹೇಳಿಬಿಡುತ್ತೇನೆ. ನಿಮ್ಮಿಂದ ತಪ್ಪಾದಾಗ, ಬೆಳೆಯುತ್ತಿರುವ ನಿಮ್ಮ ಮಗನ ಎದುರಿಗೆ, ಮಗಳ ಎದುರಿಗೆ, "ಹೌದು, ನನ್ನದು ತಪ್ಪು" ಎಂದು ಬಾಯಿಬಿಟ್ಟು ಹೇಳಿ.

ಮಕ್ಕಳ ಯೋಚನೆಗೂ ನಮ್ಮ ತಪ್ಪೊಪ್ಪಿಗೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಎಲ್ಲ ಸಂಬಂಧವೂ ಇರುವುದು ಅಲ್ಲಿಯೇ. ಏಳೆಂಟು ವರ್ಷದ ಮಗು ಕಣ್ಣೆದುರಿಗೆ ಇರುವುದನ್ನು ಹಿಡಿದುಕೊಂಡು ಯೋಚಿಸುತ್ತದೆ. ಹನ್ನೊಂದು, ಹನ್ನೆರಡರ ಆಸುಪಾಸಿನಲ್ಲಿ ಅದರ ಬುದ್ಧಿಗೆ ಹೊಸದೊಂದು ಶಕ್ತಿ ಬರುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟರು. ಇಲ್ಲದ್ದನ್ನು, ಇರಬಹುದಾದದ್ದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ತರ್ಕಿಸುವ ಶಕ್ತಿ ಅದು. ಲೋಕ ಹೇಗಿದೆ ಎಂಬುದರ ಪಕ್ಕದಲ್ಲಿ ಲೋಕ ಹೇಗಿರಬೇಕಿತ್ತು ಎಂಬುದನ್ನು ಇಟ್ಟು ನೋಡುವ ಈ ಶಕ್ತಿ ಬಂದ ಕೂಡಲೇ ಮಗು ಮೊದಲು ಅಳೆದು ನೋಡುವುದು ತನಗೆ ತೀರ ಹತ್ತಿರದಲ್ಲಿರುವವರನ್ನು, ಅಂದರೆ ನಮ್ಮನ್ನು. ನಾವು ಅದಕ್ಕೆ ಎದುರುತ್ತರ ಎನ್ನುತ್ತೇವೆ, ಉದ್ಧಟತನ ಎನ್ನುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಬರೆದು, ಈ ವಯಸ್ಸನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿದರು. ಆ ಬಣ್ಣನೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಉಳಿದಿದೆಯೆಂದರೆ, ಮಕ್ಕಳು ಬಾಯಿ ತೆರೆದರೆ ನಮಗೆ ಗಾಳಿಯ ಸದ್ದು ಕೇಳಿಸುತ್ತದೆಯೇ ಹೊರತು ಅವರ ಮಾತು ಕೇಳಿಸುವುದಿಲ್ಲ. ಇದನ್ನು ಕಂಡು ಕಂಡು ನನಗೆ ಬೇಸರವಾಗಿದೆ.

ಹಲವು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹೇಳುತ್ತೇನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಬ್ಬ ತಂದೆ ನನ್ನ ಕೋಣೆಗೆ ಬಂದು, ಹದಿನೈದು ವರ್ಷದ ಮಗಳ ಗಣಿತದ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟರು. ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು ಎನ್ನಬೇಕು. "ಮೇಡಂ, ಹಿಂದಿನಿಂದ ತೆಗೆದು ಓದಿ, ಆಮೇಲೆ ಇವಳಿಗೆ ನೀವೇ ಬುದ್ಧಿ ಹೇಳಿ" ಎಂದರು. ಹುಡುಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ನಾನು ಎದ್ದುಹೋಗಿ, ನಿನ್ನ ನೋಟ್‌ಬುಕ್ಕು ಓದಬಹುದೇ ಎಂದು ಅವಳನ್ನು ಕೇಳಿದೆ. "ಓದಿ. ಆದರೆ ಪೂರ್ತಿ ಓದಿ" ಎಂದಳು.

ಕೊನೆಯ ಪುಟದಿಂದ ಹಿಂದಕ್ಕೆ ಬರೆದುಕೊಂಡು ಬಂದಿದ್ದಳು. ಪುಟದ ನಡುವೆ ಸ್ಕೇಲಿಟ್ಟು ಎಳೆದ ಒಂದು ಗೆರೆ. ಎಡಗಡೆ "ಹೇಳುವುದು", ಬಲಗಡೆ "ಮಾಡುವುದು" ಎಂಬ ತಲೆಬರಹ. ಎಡಗಡೆ, ಸುಳ್ಳು ಹೇಳಬಾರದು. ಅದರ ಎದುರಿಗೆ, ಫೋನ್ ಬಂದಾಗ ಅಪ್ಪ ಮನೆಯಲ್ಲಿಲ್ಲ ಎಂದು ಹೇಳು ಅಂದರು. ಎಡಗಡೆ, ದುಡ್ಡು ದೊಡ್ಡದಲ್ಲ. ಎದುರಿಗೆ, ಚಿಕ್ಕಪ್ಪನ ಕೆಲಸ ಹೋದ ಮೇಲೆ ಮನೆಯಲ್ಲಿ ಅವರ ಹೆಸರೆತ್ತುವುದು ನಿಂತಿತು. ಎಡಗಡೆ, ನಿನ್ನ ಸಂತೋಷವೇ ನಮಗೆ ಮುಖ್ಯ. ಎದುರಿಗೆ, ನನಗೆ ಯಾವಾಗ ಸಂತೋಷವಾಗುತ್ತದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಹೀಗೆಯೇ ನಾಲ್ಕು ಪುಟ. ಕೈಬರಹ ದುಂಡಗಿತ್ತು, ಎಲ್ಲಿಯೂ ಒಂದು ಬೈಗುಳವಿರಲಿಲ್ಲ.

"ನಾವು ನಮ್ಮ ತಂದೆಯ ಎದುರಿಗೆ ತಲೆಯೆತ್ತಿ ನಿಂತವರಲ್ಲ" ಎಂದು ಅವರು ಹೇಳುತ್ತಲೇ ಇದ್ದರು. ಮಗಳು ಹೇಳಿಕಳಿಸಿದ ಮಾತು ನೆನಪಿಗೆ ಬಂದು ನಾನು ಇನ್ನೊಂದು ಹಾಳೆಯನ್ನು ತಿರುವಿದೆ. ಐದನೆಯ ಪುಟದಲ್ಲಿ ತಲೆಬರಹ ಬದಲಾಗಿತ್ತು: "ನಾನು ಹೇಳುವುದು", "ನಾನು ಮಾಡುವುದು". ಇಲ್ಲಿ ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದಳೆಂದರೆ ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿಕೊಂಡು ಬೆರಳಿಗೆ ಸಿಗುತ್ತಿದ್ದವು. ತಂದೆ ಆ ಪುಟವನ್ನು ನೋಡಿಯೇ ಇರಲಿಲ್ಲ. ಗಟ್ಟಿಯಾಗಿ ಓದಿ ಎಂದು ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅವರು ಓದಿದರು: "ಯಾರನ್ನೂ ಆಡಿಕೊಳ್ಳಬಾರದು." ಅದರ ಎದುರಿಗೆ: "ತೊದಲುವ ಹುಡುಗಿ ಎದ್ದುನಿಂತು ಪಾಠ ಓದಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಬೇರೆ ಯಾರನ್ನೂ ನೋಡದೆ ನನ್ನನ್ನೇ ನೋಡಿದಳು." ಗೆರೆಯನ್ನು ದಾಟಿ, ಇಡೀ ಪುಟದ ಅಗಲಕ್ಕೆ ಇನ್ನೊಂದು ಸಾಲಿತ್ತು: "ದೊಡ್ಡವರಾದ ಮೇಲೆ ಹೀಗಾಗುತ್ತಾರೆ ಅಂದುಕೊಂಡಿದ್ದೆ. ನನಗೆ ಈಗಲೇ ಶುರುವಾಗಿದೆ."

ಆ ತಂದೆ ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ನನಗೇನೂ ಹೇಳದೆ ಎದ್ದು ಹೊರಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. "ಆ ಫೋನಿನ ವಿಷಯ. ನಿನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ದು ನನ್ನ ತಪ್ಪು" ಎಂದರು. ಅವಳು, "ಯಾವ ಫೋನು? ಎರಡು ಸಲ ಹೇಳಿಸಿದ್ದೀರಿ" ಎಂದಳು. ಅವರು, "ಎರಡು ಸಲದ್ದೂ" ಎಂದರು. ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದರು. ನಂತರ ಅವಳು ಕೇಳಿದ್ದು ಇಷ್ಟು: "ಅಪ್ಪ, ಆ ಹುಡುಗಿಯ ಹತ್ತಿರ ನಾನು ಹೇಗೆ ಹೇಳಲಿ?"

ಕೇಳುಗರೆ, ದಯವಿಟ್ಟು ಈ ಪ್ರಶ್ನೆಯ ಮೇಲೆ ಗಮನವಿಡಿ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಅವಳು ಆ ಕ್ಷಣದಲ್ಲಿ ಕೇಳಿದಳು, ಏಕೆಂದರೆ ತಪ್ಪೊಪ್ಪಿಕೊಂಡ ಮನುಷ್ಯನೊಬ್ಬ ಹೇಗೆ ಕಾಣುತ್ತಾನೆ ಎಂಬುದನ್ನು ಅವಳು ಮೊದಲ ಸಲ ಕಣ್ಣಾರೆ ನೋಡಿದ್ದಳು. ನಮ್ಮ ಕುಂದುಗಳ ಪಟ್ಟಿ ಮಾಡುವ ಮಗು ತನ್ನ ಪಟ್ಟಿಯನ್ನೂ ಮಾಡಿಕೊಂಡಿರುತ್ತದೆ, ಮತ್ತು ಅದನ್ನು ಇನ್ನೂ ಹೆಚ್ಚು ಒತ್ತಿ ಬರೆದಿರುತ್ತದೆ. ತಪ್ಪಿನ ಜೊತೆ ಬದುಕುವುದು ಹೇಗೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಅದು ನಮ್ಮಿಂದಲ್ಲದೆ ಇನ್ನಾರಿಂದ ಕಲಿಯಬೇಕು? ಆದ್ದರಿಂದಲೇ ಮತ್ತೆ ಹೇಳುತ್ತೇನೆ, "ಹೌದು, ನನ್ನದು ತಪ್ಪು" ಎಂದು ಅವರ ಎದುರಿಗೆ ಹೇಳಿ.

ಈ ಸಂಗತಿಗೇ ಹೆಚ್ಚು ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳಬೇಕಾಗಿದೆ. ಈ ವಯಸ್ಸಿನವರಿಗೆ ತಮ್ಮ ಕುಂದು ಬೆಟ್ಟದಷ್ಟಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ಊರೆಲ್ಲ ತಮ್ಮನ್ನೇ ನೋಡುತ್ತಿದೆ ಎಂದು ಅವರಿಗೆ ಅನಿಸುತ್ತಿರುತ್ತದೆ. ಡೇವಿಡ್ ಎಲ್ಕಿಂಡ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಇದನ್ನು ಕಾಲ್ಪನಿಕ ಪ್ರೇಕ್ಷಕವರ್ಗ ಎಂದು ಕರೆದರು. ದೊಡ್ಡವರಾದ ಮೇಲೂ ಇದು ಪೂರ್ತಿ ಹೋಗುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮುಜುಗರ ತರುವಂಥ ಚಿತ್ರವಿದ್ದ ಟೀ ಶರ್ಟನ್ನು ತೊಡಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಇತರರು ಕುಳಿತಿದ್ದ ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು, ಗಮನಿಸಿದವರು ಕಾಲುಭಾಗದಷ್ಟು ಮಾತ್ರ. ಆದರೆ "ಯಾರೂ ನೋಡುತ್ತಿಲ್ಲ ಬಿಡು" ಎಂದು ನೀವು ಸಮಾಧಾನ ಹೇಳಿದರೆ ಮಗು ನಂಬುವುದಿಲ್ಲ. ನೀವು ನಾಲ್ಕು ಜನರ ಎದುರಿಗೆ ಎಡವಿ, ಒಪ್ಪಿಕೊಂಡು, ಮರುದಿನ ಎಂದಿನಂತೆ ಕೆಲಸಕ್ಕೆ ಹೊರಟರೆ ನಂಬುತ್ತದೆ.

ಸುಖದ ವಿಷಯವೂ ಹೀಗೆಯೇ. ಇಷ್ಟೆಲ್ಲ ಓದಿ, ದುಡಿದು, ಗಳಿಸಿದರೆ ಸಂತೋಷ ಸಿಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಅದು ಸೋಮಾರಿತನದ ಪ್ರಶ್ನೆಯಲ್ಲ, ನಮ್ಮ ಮುಖ ನೋಡಿ ಅವರಿಗೆ ಹುಟ್ಟಿದ ಸಂದೇಹ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿ ಗೆದ್ದ 22 ಮಂದಿಯನ್ನು ಮಾತನಾಡಿಸಿ, ಗೆಲ್ಲದವರ ಜೊತೆ ಹೋಲಿಸಿ ನೋಡಿದಾಗ, ಗೆದ್ದವರು ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆಯೇ ಇತ್ತು. ಹಾಗಾಗಿ ಮಗುವಿಗೆ ಭಾಷಣ ಬೇಡ. "ಇದು ಕೈಗೆ ಸಿಕ್ಕರೆ ಸುಖವಾಗಿರುತ್ತೇನೆ ಎಂದು ನಾನೂ ಅಂದುಕೊಂಡಿದ್ದೆ, ನನ್ನ ಲೆಕ್ಕ ತಪ್ಪಾಗಿತ್ತು" ಎಂದು, ತಪ್ಪಿದ್ದು ಎಲ್ಲಿ ಎಂಬುದನ್ನೂ ಸೇರಿಸಿ ಹೇಳಿ.

ಹೀಗೆ ಮಾಡಿದರೆ ಮಕ್ಕಳಿಗೆ ನಮ್ಮ ಮೇಲಿನ ಗೌರವ ಹೋಗುತ್ತದೆ ಎಂದು ಪ್ರತಿ ಸಭೆಯಲ್ಲಿಯೂ ಯಾರಾದರೊಬ್ಬರು ಎದ್ದು ಹೇಳುತ್ತಾರೆ. ಹೋಗುವುದಿಲ್ಲ. ನಿಮ್ಮ ತಪ್ಪು ಅವರಿಗೆ ಮೊದಲೇ ಗೊತ್ತಿದೆ, ಗೊತ್ತಿಲ್ಲದಿರುವುದು ಅದು ನಿಮಗೂ ಗೊತ್ತಿದೆ ಎಂಬುದು ಮಾತ್ರ. ಒಪ್ಪಿಕೊಳ್ಳುವಾಗ ಒಂದು ಎಚ್ಚರ ಸಾಕು, "ಆದರೆ" ಎಂಬ ಪದವನ್ನು ತರಬೇಡಿ. "ನನ್ನದು ತಪ್ಪು, ಆದರೆ ನೀನೂ ಅವತ್ತು" ಎಂದು ಶುರುಮಾಡಿದ ಕ್ಷಣದಲ್ಲಿಯೇ ಹುಡುಗ ಕಿವಿ ಮುಚ್ಚಿಕೊಂಡಿರುತ್ತಾನೆ. ತಪ್ಪು ಇಂಥದ್ದು ಎಂದು ಹೆಸರಿಸಿ ಹೇಳಿ, ಅಲ್ಲಿಗೇ ನಿಲ್ಲಿಸಿ, ಅವನು ಮಾತನಾಡುವವರೆಗೆ ಕಾಯಿರಿ. ಆ ಮೌನ ಎಷ್ಟೇ ಉದ್ದವಾದರೂ ಕಾಯಿರಿ. ಎಲ್ಲಿಂದ ಶುರುಮಾಡುವುದು ಎಂದು ತೋಚದಿದ್ದರೆ ಹಳೆಯದೊಂದನ್ನು ಎತ್ತಿಕೊಳ್ಳಿ. ಎರಡು ಮೂರು ವರ್ಷದ ಹಿಂದಿನದಾದರೂ ಚಿಂತೆಯಿಲ್ಲ, ಅದು ಅವರಿಗೆ ನೆನಪಿದೆ.

ನಮಸ್ಕಾರ.