ನೆರವು ಕೇಳಿದರೆ ಬಾವುಟ ಬಂತು

ಕೇಳುಗರಿಗೆಲ್ಲ ನಮಸ್ಕಾರ.

ಆರ್ಮೇನಿಯನ್ ಭಾಷೆಯಲ್ಲಿ ‘ಪರೋನ್’ ಅಂತ ಒಂದು ಪದ ಇದೆ. ನಾವು ಹೆಸರಿನ ಮುಂದೆ ‘ಶ್ರೀ’ ಹಾಕುತ್ತೇವಲ್ಲ, ಆ ಜಾಗದಲ್ಲಿ ಅವರು ಪರೋನ್ ಅನ್ನುತ್ತಾರೆ. ಪಕ್ಕದ ಮನೆಯವರೂ ಪರೋನ್, ಅಂಗಡಿಯವರೂ ಪರೋನ್. ಈ ಪದ ಮೂಲದಲ್ಲಿ ಅವರದಲ್ಲ. ಕ್ರುಸೇಡ್ ಕಾಲದಲ್ಲಿ, ಅಂದರೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಧರ್ಮಯುದ್ಧ ನಡೆಸಿದ ಕಾಲದಲ್ಲಿ, ಪಶ್ಚಿಮದಿಂದ ಬಂದವರು ಬಿಟ್ಟುಹೋದ ‘ಬ್ಯಾರನ್’ ಅದು. ಆಗ ಅದು ಎಲ್ಲರಿಗೂ ಸಿಗುವ ಮರ್ಯಾದೆ ಆಗಿರಲಿಲ್ಲ. ಕೋಟೆ ಇರಬೇಕಿತ್ತು, ಕುದುರೆ ಇರಬೇಕಿತ್ತು, ಕರೆದರೆ ಬರುವ ಆಳುಗಳಿರಬೇಕಿತ್ತು.

ಇವತ್ತು ನಾನು ಹೇಳುವುದು, ಪರೋನ್ ಆಗಿದ್ದು ಸಾಕು, ಇನ್ನು ರಾಜನಾಗಬೇಕು ಅಂತ ಹಟ ಹಿಡಿದ ಒಬ್ಬನ ಕಥೆ. ಅವನ ಹೆಸರು ಲೆವೊನ್. ಆಳಿದ ನಾಡು ಸಿಲಿಸಿಯಾ. ಕಿರೀಟಕ್ಕಾಗಿ ಅವನು ರೋಮಿನ ಪೋಪರ ಜತೆ ನಡೆಸಿದ ವ್ಯವಹಾರ ಇದೆಯಲ್ಲ, ಅದು ಬಲು ಸ್ವಾರಸ್ಯದ್ದು.

ಮೊದಲು ಜಾಗ ಎಲ್ಲಿ ಅಂತ ಹೇಳಿಬಿಡುತ್ತೇನೆ. ಈಗಿನ ಟರ್ಕಿಯ ದಕ್ಷಿಣ ಕರಾವಳಿ. ಹಿಂದೆ ಟಾರಸ್ ಬೆಟ್ಟಸಾಲು, ಮುಂದೆ ಮೆಡಿಟರೇನಿಯನ್ ಸಮುದ್ರ, ನಡುವೆ ಒಂದಿಷ್ಟು ಬಯಲು. ಬೈಬಲ್ ಓದಿದವರಿಗೆ ಗೊತ್ತಿರುವ ತಾರ್ಸ, ಅಂದರೆ ಪೌಲನ ಊರು, ಇಲ್ಲೇ ಇದೆ. ಆರ್ಮೇನಿಯನ್ನರ ಮೂಲ ನೆಲ ಇದಲ್ಲ, ಅದು ಇನ್ನೂ ಪೂರ್ವಕ್ಕಿದೆ. 1045ರಲ್ಲಿ ಅವರ ರಾಜಧಾನಿ ಆನಿ ಗ್ರೀಕರ ಬೈಜಾಂಟಿಯಮ್ ಸಾಮ್ರಾಜ್ಯದ ಪಾಲಾಯಿತು. ಆಮೇಲೆ ಸೆಲ್ಜುಕ್ ತುರ್ಕರು ಬಂದರು. ಜನ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಸರಿದರು. ಹಾಗೆ ಬಂದವರು ಬೆಟ್ಟಗಳಲ್ಲಿ ಕೋಟೆ ಹಿಡಿದು, ಮೆಲ್ಲಗೆ ಬಯಲಿಗಿಳಿದು, ಒಂದು ಹೊಸ ನಾಡನ್ನೇ ಕಟ್ಟಿಕೊಂಡರು.

ಲೆವೊನ್ ಅಧಿಕಾರಕ್ಕೆ ಬಂದದ್ದು 1187ರಲ್ಲಿ, ಅಣ್ಣ ರೂಬೆನ್ ನಂತರ. ಆ ವರ್ಷವನ್ನು ಗಮನಿಸಿ. ಮುಸ್ಲಿಂ ಸುಲ್ತಾನ ಸಲಾದೀನ್ ಕ್ರುಸೇಡಿನವರಿಂದ ಜೆರುಸಲೇಮನ್ನು ಗೆದ್ದದ್ದೂ ಅದೇ ವರ್ಷ. ಇಡೀ ಯುರೋಪು ಬೆಚ್ಚಿಬಿತ್ತು. ಮೂರನೇ ಕ್ರುಸೇಡಿಗೆ ತಯಾರಿ ಶುರುವಾಯಿತು. ಜರ್ಮನಿಯ ಸೈನ್ಯ ನೆಲದ ದಾರಿಯಲ್ಲಿ ಬರಬೇಕಾದರೆ ಸಿಲಿಸಿಯಾ ದಾಟಲೇಬೇಕು. ಅಲ್ಲಿಯವರೆಗೆ ಬೆಟ್ಟದ ಮೂಲೆಯ ಪಾಳೆಯಗಾರನ ಹಾಗಿದ್ದ ಲೆವೊನ್ ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾದವನಾದ. 1189ರಲ್ಲಿ ಪೋಪ್ ಮೂರನೇ ಕ್ಲೆಮೆಂಟ್ ಅವನಿಗೇ ಕಾಗದ ಬರೆದರು. ಬರುವ ಸೈನ್ಯಕ್ಕೆ ಸಹಾಯ ಮಾಡು ಅಂತ ಕೇಳಿದರು. ಅವನ ಚರ್ಚಿನ ಮುಖ್ಯಸ್ಥರಿಗೂ ಒಂದು ಕಾಗದ ಹೋಯಿತು. ಈ ಮುಖ್ಯಸ್ಥರನ್ನು ಕ್ಯಾಥೊಲಿಕೋಸ್ ಅನ್ನುತ್ತಾರೆ.

ಜರ್ಮನ್ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಲೆವೊನ್‌ಗೆ ಕಿರೀಟದ ಆಸೆ ಹುಟ್ಟಿಸಿದ್ದ. ರಾಜನನ್ನಾಗಿ ಮಾಡುತ್ತೇನೆ ಅಂತ ಮಾತೂ ಕೊಟ್ಟಿದ್ದ. ಆದರೆ 1190ರ ಜೂನ್ 10ರಂದು, ಸಿಲಿಸಿಯಾದ ನೆಲ ಮುಟ್ಟಿದ ಮೇಲೆ, ಅಲ್ಲಿಯ ಸಲೇಫ್ ಹೊಳೆಯಲ್ಲಿ ಮುಳುಗಿ ಸತ್ತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಅಲ್ವಾ.

ಲೆವೊನ್ ಬಿಡುವವನಲ್ಲ. ಫ್ರೆಡರಿಕ್‌ನ ಮಗ ಆರನೇ ಹೆನ್ರಿಗೆ ದೂತರನ್ನು ಕಳಿಸಿದ, ಪೋಪ್ ಮೂರನೇ ಸೆಲೆಸ್ಟೈನ್‌ಗೂ ಕಳಿಸಿದ. ಇದರ ನಡುವೆ ಕಾನ್‌ಸ್ಟಾಂಟಿನೋಪಲಿನಿಂದ ಬೈಜಾಂಟಿಯಮ್ ಚಕ್ರವರ್ತಿ ಮೂರನೇ ಅಲೆಕ್ಸಿಯೋಸ್ ಕೇಳದೆಯೇ ಒಂದು ಕಿರೀಟ ಕಳಿಸಿಬಿಟ್ಟ! ಜತೆಗೆ ಹೇಳಿಕಳಿಸಿದ ಮಾತಿನ ಸಾರ ಇದು: ರೋಮಿನ ಕಿರೀಟ ಇಡಬೇಡ, ನಮ್ಮದನ್ನು ಇಟ್ಟುಕೋ, ರೋಮಿಗಿಂತ ನಾವು ನಿನಗೆ ಹತ್ತಿರ. ಲೆವೊನ್ ಅದನ್ನು ವಾಪಸ್ ಮಾಡಲಿಲ್ಲ. ಅದನ್ನೂ ಇಟ್ಟುಕೊಂಡ, ಇನ್ನೊಂದು ಬರಲಿ ಅಂತಲೂ ಕಾದ.

ಇನ್ನೊಂದು ಬಂತು. ಆದರೆ ಷರತ್ತಿನ ಜತೆ ಬಂತು.

ಇಲ್ಲಿ ಧರ್ಮದ ವಿಚಾರ ಸ್ವಲ್ಪ ಹೇಳಬೇಕು. ಆರ್ಮೇನಿಯನ್ನರದು ಬಹಳ ಹಳೆಯ ಕ್ರೈಸ್ತ ಚರ್ಚು. ಯೇಸುವಿನ ಸ್ವಭಾವದ ಬಗ್ಗೆ 451ರ ಕ್ಯಾಲ್ಸಿಡನ್ ಚರ್ಚು ಸಭೆ ಮಾಡಿದ ತೀರ್ಮಾನವನ್ನು ಅವರು ಒಪ್ಪಿದವರಲ್ಲ. ಅವರ ಆಚರಣೆಗಳೂ ಬೇರೆ. ಪೂಜೆಯ ದ್ರಾಕ್ಷಾರಸಕ್ಕೆ ನೀರು ಬೆರೆಸುವುದಿಲ್ಲ. ಕ್ರಿಸ್ತಜಯಂತಿಗೆ ಡಿಸೆಂಬರ್ 25 ಲೆಕ್ಕಕ್ಕಿಲ್ಲ. ಯೇಸು ಹುಟ್ಟಿದ್ದನ್ನೂ ದೀಕ್ಷಾಸ್ನಾನ ಪಡೆದದ್ದನ್ನೂ ಸೇರಿಸಿ ಒಂದೇ ದಿನ ಹಬ್ಬ ಮಾಡುತ್ತಾರೆ, ಜನವರಿ 6ಕ್ಕೆ. ರೋಮಿನವರು ಕೇಳಿದ್ದು ಇದರ ಬುಡಕ್ಕೇ. ನಮ್ಮ ಹಾಗೆ ಹಬ್ಬ ಮಾಡಿ, ನಮ್ಮ ಹಾಗೆ ಉಪವಾಸ ಇರಿ, 12 ಮಂದಿ ಬಿಷಪ್ಪರು ಇದಕ್ಕೆ ಆಣೆ ಇಡಲಿ. ಆಮೇಲೆ ಕಿರೀಟ.

ಬಿಷಪ್ಪರು ಆಗುವುದೇ ಇಲ್ಲ ಅಂದರು. ಆಗ ಲೆವೊನ್ ಏನು ಮಾಡಿದ? ಕಿರಾಕೋಸ್ ಎಂಬ ಆರ್ಮೇನಿಯನ್ ಇತಿಹಾಸಕಾರ ಅದೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ನೀವು ತಲೆ ಕೆಡಿಸಿಕೊಳ್ಳಬೇಡಿ, ಈಗ ಸುಮ್ನೆ ಮೇಲುಮಾತಿಗೆ ಹೂಂ ಅಂದು ಅವರನ್ನು ಸಮಾಧಾನ ಮಾಡುತ್ತೇನೆ ಅಂತ ಲೆವೊನ್ ಬಿಷಪ್ಪರಿಗೆ ಹೇಳಿದನಂತೆ. ಬಿಷಪ್ಪರು ಆಣೆ ಇಟ್ಟರು.

ಪಟ್ಟಾಭಿಷೇಕ ತಾರ್ಸದ ದೊಡ್ಡ ಚರ್ಚಿನಲ್ಲಿ ಆಯಿತು. ವರ್ಷ 1198 ಅಂತ ಕೆಲವರು, 1199 ಅಂತ ಕೆಲವರು. ದಿನದ ಬಗ್ಗೆ ಮಾತ್ರ ತಕರಾರಿಲ್ಲ. ಜನವರಿ 6! ಹಬ್ಬ ಬದಲಾಯಿಸುತ್ತೇವೆ ಅಂತ ಮಾತು ಕೊಟ್ಟವರು, ಬದಲಾಗಬೇಕಾಗಿದ್ದ ಹಬ್ಬದ ದಿನವೇ ಕಿರೀಟ ಇಟ್ಟುಕೊಂಡರು. ಪೋಪರ ಪ್ರತಿನಿಧಿಯಾಗಿ ಬಂದಿದ್ದ ಮೈಂಟ್ಸ್ ನಗರದ ಆರ್ಚ್‌ಬಿಷಪ್ ಕಾನ್ರಾಡ್ ಅಲ್ಲೇ ಇದ್ದರು. ಅವರು ರಾಜಚಿಹ್ನೆಗಳನ್ನು ಕೊಟ್ಟರು, ಅಭಿಷೇಕ ಮಾಡಿದ್ದು ಆರ್ಮೇನಿಯನ್ ಕ್ಯಾಥೊಲಿಕೋಸ್. ಇದು ಬೇಕೆಂದೇ ಆರಿಸಿದ ದಿನ ಅಂತ ನನಗನ್ನಿಸುತ್ತದೆ. ಹಬ್ಬದ ದಿನ ರಾಜನಾಗುವುದು ವಾಡಿಕೆ ಅಂತ ಯಾರಾದರೂ ಅಂದರೆ ಅದೂ ಸರಿಯೇ.

ಹಾಗಂತ ಲೆವೊನ್ ಪಶ್ಚಿಮದವರನ್ನು ಮೂರ್ಖರನ್ನಾಗಿ ಮಾಡಿದ, ಅಷ್ಟೇ ಕಥೆ ಅಂದುಕೊಳ್ಳಬೇಡಿ. ಅವನಿಗೆ ಅವರ ರೀತಿನೀತಿ ನಿಜಕ್ಕೂ ಇಷ್ಟ ಇತ್ತು. ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ತಾರ್ಸದಲ್ಲಿ ನೆರ್ಸೆಸ್ ಅಂತ ಒಬ್ಬ ಆರ್ಚ್‌ಬಿಷಪ್ ಇದ್ದರು. ಲ್ಯಾಂಬ್ರಾನ್ ಕೋಟೆಯ ಮನೆತನದವರು, ದೊಡ್ಡ ಓದುಗ. ಚರ್ಚುಗಳೆಲ್ಲ ಒಂದಾಗಬೇಕು ಅನ್ನುವುದು ಅವರ ಆಸೆ. ಇವರು ಲ್ಯಾಟಿನ್, ಅಂದರೆ ರೋಮಿನ ಚರ್ಚಿನ, ಪಾದ್ರಿಗಳ ಹಾಗೆ ಉಡುಪು ಹಾಕುತ್ತಾರೆ, ಅವರ ಪದ್ಧತಿಗಳನ್ನು ಒಳಗೆ ತರುತ್ತಾರೆ ಅಂತ ಪೂರ್ವದ ಮಠದ ಸನ್ಯಾಸಿಗಳು ಲೆವೊನ್‌ಗೆ ಚಾಡಿ ಹೇಳಿದರು. ಪಟ್ಟವಾಗುವುದಕ್ಕೆ ಮೊದಲಿನ ಮಾತು ಇದು. ಅದಕ್ಕೆ ನೆರ್ಸೆಸ್ ಕೊಟ್ಟ ಉತ್ತರದ ಕಾಗದ ಉಳಿದುಬಂದಿದೆ.

ಅದರ ಖಾರ ನೋಡಿ. ಸರಿ, ನಾನು ಹಳೇ ಪದ್ಧತಿಗೆ ಹೋಗುತ್ತೇನೆ. ಆದರೆ ಮೊದಲು ನೀನು ಹೋಗು. ಲ್ಯಾಟಿನ್ ದೊರೆಗಳ ಹಾಗೆ ಬರೀ ತಲೆಯಲ್ಲಿ ತಿರುಗಬೇಡ. ನಿನ್ನ ಹಿರಿಯರು ಹಾಕುತ್ತಿದ್ದ ‘ಶರ್ಫುಷ್’ ಅನ್ನುವ ಟೋಪಿ ಹಾಕು. ಅವರ ಹಾಗೆ ಕೂದಲು ಬಿಡು, ಗಡ್ಡ ಬಿಡು. ಫ್ರಾಂಕರ, ಅಂದರೆ ಪಶ್ಚಿಮ ಯುರೋಪಿನವರ, ನಿಲುವಂಗಿ ತೆಗೆದಿಟ್ಟು ಒರಟು ಉಣ್ಣೆಯ ಬಟ್ಟೆ ಉಡು. ಆಸ್ಥಾನದಲ್ಲಿ ‘ಸರ್’, ‘ಕಾನ್‌ಸ್ಟೇಬಲ್’, ‘ಮಾರ್ಷಲ್’ ಅನ್ನುವ ಪದವಿಗಳನ್ನು ಬಿಟ್ಟು ಹಳೆಯ ಹೆಸರುಗಳನ್ನೇ ಬಳಸು. ಆಮೇಲೆ ನನ್ನ ಉಡುಪಿನ ವಿಷಯ ಮಾತಾಡೋಣ.

ಒಬ್ಬ ಪಾದ್ರಿ ತನ್ನ ದೊರೆಗೆ ಬರೆದ ಕಾಗದ ಇದು! ಇದನ್ನು ಓದಿದರೆ ಲೆವೊನ್ ಹೇಗೆ ಕಾಣುತ್ತಿದ್ದ ಅಂತ ಗೊತ್ತಾಗುತ್ತದೆ. ತಲೆ ಮೇಲೆ ಏನೂ ಇಲ್ಲ, ಗಡ್ಡ ಇಲ್ಲ, ಮೈಮೇಲೆ ಫ್ರಾಂಕರ ಬಟ್ಟೆ. ಉಡುಪು ಬದಲಾಯಿಸಲು ಅವನಿಗೆ ಯಾವ ಕಷ್ಟವೂ ಇರಲಿಲ್ಲ. ಕಷ್ಟ ಇದ್ದದ್ದು ಹಬ್ಬ ಬದಲಾಯಿಸಲು. ಉಡುಪು ಅವನೊಬ್ಬನದು, ಹಬ್ಬ ಊರಿನದು.

1198ರ ಜನವರಿ 8ರಂದು ರೋಮಿನಲ್ಲಿ ಹೊಸ ಪೋಪ್ ಬಂದರು. ಮೂರನೇ ಇನ್ನೊಸೆಂಟ್. ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ, ತಲೆ ಬಲು ಚುರುಕು. 1199ರ ಮೇ ತಿಂಗಳಲ್ಲಿ ಲೆವೊನ್ ಅವರಿಗೆ ಕಾಗದ ಬರೆದ. ತುಂಬ ವಿನಯದ ಕಾಗದ. ನಮ್ಮ ಮೇಲೆ ಸುತ್ತಲೂ ಶತ್ರುಗಳು, ನೆರವು ಕಳಿಸಿ. ಜತೆಗೆ ಇನ್ನೊಂದು ಸಣ್ಣ ವಿಷಯ, ಅಂತಿಯೋಕ್ಯದ್ದು. ಆ ಸಣ್ಣ ವಿಷಯವೇ ಅಸಲಿ ವಿಷಯ.

ಅಂತಿಯೋಕ್ಯ ಪಕ್ಕದ ದೊಡ್ಡ ನಗರ, ಕ್ರುಸೇಡಿನವರು ಆಳುತ್ತಿದ್ದ ಸಂಸ್ಥಾನ. ಅಲ್ಲಿನ ದೊರೆ ಮೂರನೇ ಬೊಹೆಮಂಡ್‌ನನ್ನು ಲೆವೊನ್ ಕೆಲವು ವರ್ಷಗಳ ಹಿಂದೆ ಮಾತಿಗೆ ಅಂತ ಬಗ್ರಾಸ್ ಕೋಟೆಗೆ ಕರೆಸಿಕೊಂಡು ಸೆರೆ ಹಿಡಿದಿದ್ದ. ಆಮೇಲೆ ರಾಜಿಯಾಗಿ, ಲೆವೊನ್‌ನ ಅಣ್ಣನ ಮಗಳು ಆಲಿಸ್‌ಗೂ ಬೊಹೆಮಂಡ್‌ನ ಹಿರಿಯ ಮಗನಿಗೂ ಮದುವೆ ಆಯಿತು. ಅಳಿಯ ಬೇಗನೆ ತೀರಿಕೊಂಡ, ಆದರೆ ಒಂದು ಗಂಡು ಮಗು ಹುಟ್ಟಿತು. ಹೆಸರೇ ಹೇಳುತ್ತದೆ ನೋಡಿ, ರೇಮಂಡ್-ರೂಬೆನ್. ಅರ್ಧ ಫ್ರಾಂಕ್, ಅರ್ಧ ಆರ್ಮೇನಿಯನ್. ಈ ಮಗುವೇ ಅಂತಿಯೋಕ್ಯಕ್ಕೆ ವಾರಸುದಾರ ಅನ್ನುವುದು ಲೆವೊನ್ ವಾದ. ಅಲ್ಲ, ನಾನು ಅಂತ ಬೊಹೆಮಂಡ್‌ನ ಕಿರಿಯ ಮಗ ಪಟ್ಟು ಹಿಡಿದ. ಅವನ ಹೆಸರೂ ಬೊಹೆಮಂಡ್.

ಪೋಪರ ಉತ್ತರ ಅದೇ ವರ್ಷದ ಕೊನೆಗೆ ಸಿದ್ಧವಾಯಿತು. ಹಡಗು, ಗಾಳಿ, ದೂತರ ಕಾಲು, ಎಲ್ಲ ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ಉತ್ತರ ಸಿಗಲು ಆರು ತಿಂಗಳಿಗಿಂತ ಜಾಸ್ತಿ. ಉತ್ತರದ ಜತೆ ಇನ್ನೊಸೆಂಟ್ ಒಂದು ಬಾವುಟ ಕಳಿಸಿದರು. ಸಂತ ಪೇತ್ರನ ಬಾವುಟ. ಪೋಪರ ಕೈಯಿಂದ ಅದು ಬರುವುದೆಂದರೆ ದೊಡ್ಡ ಗೌರವವೇ. ಆದರೆ ಇದನ್ನು ಶಿಲುಬೆಯ ಶತ್ರುಗಳ ವಿರುದ್ಧ ಮಾತ್ರ ಎತ್ತಬೇಕು ಅಂತ ಬರೆದಿದ್ದರು. ಲೆವೊನ್ ಜಗಳ ಇದ್ದದ್ದೋ ಕ್ರೈಸ್ತರ ಜತೆ! ಬಾವುಟ ಕೈಯಲ್ಲಿದೆ, ಬೇಕಾದ ಕಡೆ ಹಾರಿಸುವ ಹಾಗಿಲ್ಲ.

ನನಗಂತೂ ಇದರಲ್ಲಿ ಇನ್ನೊಸೆಂಟರ ಜಾಣತನ ಕಾಣುತ್ತದೆ. ಲೆವೊನ್ ಬಾಯಿಮಾತಿನ ವಿಧೇಯತೆ ಕೊಟ್ಟಿದ್ದ, ಇವರು ಬಟ್ಟೆಯ ಬಾವುಟ ಕೊಟ್ಟರು. ಲೆಕ್ಕ ಸರಿಹೋಯಿತು.

ಲೆವೊನ್ ಇನ್ನೊಂದು ವರವನ್ನೂ ಕೇಳಿ ಪಡೆದ. ತನ್ನನ್ನು ಚರ್ಚಿನಿಂದ ಬಹಿಷ್ಕಾರ ಹಾಕುವುದಿದ್ದರೆ ಪೋಪರೇ ಹಾಕಬೇಕು, ಇಲ್ಲಾ ಅವರ ಅಪ್ಪಣೆ ಇರಬೇಕು. ಅಕ್ಕಪಕ್ಕದ ಲ್ಯಾಟಿನ್ ಬಿಷಪ್ಪರಿಗೆ ಆ ಅಧಿಕಾರ ಇರಬಾರದು. ಇದು ನಿಜವಾದ ಲಾಭ. ಪಕ್ಕದ ಅಂತಿಯೋಕ್ಯದ ಪಾದ್ರಿ ಸಿಟ್ಟಿನಲ್ಲಿ ಬಹಿಷ್ಕಾರ ಹಾಕಿದರೆ ಮಾತು ಬೇರೆ. ರೋಮಿನಿಂದ ಬರಬೇಕಾದರೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಇನ್ನೊಂದು ಕಾಗದ ಬರೆಯಬಹುದು.

ಆಮೇಲಿನದು ದೀರ್ಘ ಕಾದಾಟ. 1201ರಲ್ಲಿ ಮುದುಕ ಬೊಹೆಮಂಡ್ ತೀರಿಕೊಂಡ, ಕಿರಿಯ ಮಗ ಅಂತಿಯೋಕ್ಯ ಹಿಡಿದ. ಪೋಪರ ಕಡೆಯಿಂದ ಕಾರ್ಡಿನಲ್‌ಗಳು ಬಂದರು, ವಿಚಾರಣೆ ಮಾಡಿದರು, ಯಾರಿಗೂ ಸಮಾಧಾನ ಆಗಲಿಲ್ಲ. ಪೀಟರ್ ಎಂಬ ಕಾರ್ಡಿನಲ್ ಎದುರಾಳಿಗಳ ಪಕ್ಷ ಹಿಡಿದಿದ್ದಾರೆ ಅಂತ ಲೆವೊನ್ ಪೋಪರಿಗೇ ದೂರು ಬರೆದ. ಪಟ್ಟದ ಹಕ್ಕು ಚರ್ಚು ತೀರ್ಮಾನಿಸುವ ವಿಷಯವೇ ಅಲ್ಲ ಅಂತ ಬೊಹೆಮಂಡ್ ವಾದಿಸಿದ.

ಇದಕ್ಕೆಲ್ಲ ಮುಳ್ಳಾಗಿದ್ದದ್ದು ಅದೇ ಬಗ್ರಾಸ್ ಕೋಟೆ. ಮೂಲದಲ್ಲಿ ಅದು ಟೆಂಪ್ಲರ್‌ಗಳದು. ಸಲಾದೀನ್ ಅವರಿಂದ ಕಿತ್ತುಕೊಂಡಿದ್ದ, 1191ರಲ್ಲಿ ಅದನ್ನು ಕೆಡವಿಸಿ ಬಿಟ್ಟುಹೋದ. ಖಾಲಿ ಬಿದ್ದಿದ್ದ ಜಾಗಕ್ಕೆ ಲೆವೊನ್ ನುಗ್ಗಿ ಕೂತ. ಟೆಂಪ್ಲರ್‌ಗಳು ನಮ್ಮದು ನಮಗೆ ಕೊಡು ಅಂದರು. ಇವರು ಸಾಮಾನ್ಯರಲ್ಲ, ಕತ್ತಿ ಹಿಡಿದ ಸನ್ಯಾಸಿಗಳು, ಪೋಪರಿಗೆ ನೇರವಾಗಿ ಉತ್ತರ ಕೊಡುವವರು. ಅವರಿಗೆ ಕೋಟೆ ಕೊಡದೆ ಪೋಪರಿಂದ ಅಂತಿಯೋಕ್ಯ ಕೇಳಿದರೆ ಹೇಗೆ ಸಿಗುತ್ತೆ? ಸಿಲಿಸಿಯಾದಿಂದ ಅಂತಿಯೋಕ್ಯಕ್ಕೆ ಹೋಗುವ ಕಣಿವೆ ದಾರಿಯನ್ನೇ ಕಾಯುವ ಕೋಟೆ ಅದು. ಕೊಟ್ಟರೆ ಅಂತಿಯೋಕ್ಯ ಗೆಲ್ಲುವುದು ಹೇಗೆ? ಲೆವೊನ್ ಇಪ್ಪತ್ತು ವರ್ಷ ಈ ಗಂಟಿನಲ್ಲೇ ಒದ್ದಾಡಿದ.

1211ರಲ್ಲಿ ಟೆಂಪ್ಲರ್‌ಗಳ ಮೇಲೆ ಕೈಮಾಡಿದ್ದಕ್ಕೆ ಬಹಿಷ್ಕಾರವೂ ಬಂತು. ಲೆವೊನ್ ತನ್ನ ನಾಡಿನ ಲ್ಯಾಟಿನ್ ಪಾದ್ರಿಗಳನ್ನು ಹೊರಗಟ್ಟಿ, ಗ್ರೀಕರಿಗೆ ಜಾಗ ಕೊಟ್ಟ. ಎರಡು ವರ್ಷಕ್ಕೆ ಮತ್ತೆ ರಾಜಿ ಆಯಿತು. 1216ರ ಫೆಬ್ರವರಿಯಲ್ಲಿ ಕೊನೆಗೂ ಅಂತಿಯೋಕ್ಯ ಸಿಕ್ಕಿತು, ರೇಮಂಡ್-ರೂಬೆನ್ ಅಲ್ಲಿಯ ದೊರೆಯಾದ. ಬಗ್ರಾಸನ್ನು ಟೆಂಪ್ಲರ್‌ಗಳಿಗೆ ಬಿಟ್ಟುಕೊಟ್ಟದ್ದೂ ಆ ಹೊತ್ತಿಗೇ. ಅದೇ ವರ್ಷ ಜುಲೈನಲ್ಲಿ ಇನ್ನೊಸೆಂಟ್ ತೀರಿಕೊಂಡರು. 1219ರಲ್ಲಿ ಲೆವೊನ್ ಸತ್ತ, ಅಂತಿಯೋಕ್ಯವೂ ಅದೇ ವರ್ಷ ಕೈಬಿಟ್ಟಿತು. ಡಿಸೆಂಬರ್ 25ರ ವಿಷಯ ಹಾಗೇ ಉಳಿಯಿತು. ಆರ್ಮೇನಿಯನ್ ಚರ್ಚು ಇವತ್ತಿಗೂ ಜನವರಿ 6ಕ್ಕೇ ಹಬ್ಬ ಮಾಡುತ್ತದೆ.

ಲೆವೊನ್ ಟಂಕಿಸಿದ ಬೆಳ್ಳಿ ನಾಣ್ಯಗಳು ಉಳಿದಿವೆ. ಅವನ್ನು ‘ತ್ರಾಮ್’ ಅನ್ನುತ್ತಾರೆ, ತೂಕ ಸುಮಾರು 3 ಗ್ರಾಂ. ಪಟ್ಟಾಭಿಷೇಕದ ನೆನಪಿಗೆ ಹೊರಡಿಸಿದ ನಾಣ್ಯದ ಮೇಲೆ ಒಂದು ಚಿತ್ರ ಇದೆ. ಲೆವೊನ್ ಮಂಡಿಯೂರಿದ್ದಾನೆ, ಎದುರಿಗೆ ಒಂದು ಪವಿತ್ರ ರೂಪ ನಿಂತಿದೆ. ಸುತ್ತ ‘ಲೆವೊನ್, ಆರ್ಮೇನಿಯನ್ನರ ರಾಜ’ ಅಂತ ಬರೆದಿದೆ. ತಿರುಗಿಸಿದರೆ ಶಿಲುಬೆಯ ಎರಡೂ ಕಡೆ ಸಿಂಹಗಳು, ಅಂಚಿನಲ್ಲಿ ‘ದೇವರ ಶಕ್ತಿಯಿಂದ’ ಅನ್ನುವ ಮಾತು. ಕಿರೀಟ ಕಳಿಸಿದ ಚಕ್ರವರ್ತಿಗಳ ಹೆಸರು ಅದರಲ್ಲಿಲ್ಲ. ಪೋಪರದೂ ಇಲ್ಲ.

ನಮಸ್ಕಾರ.